ಫಲಕಕ್ಕೆ ಪದ ಬೇಕು: ‘ಟ್ಯಾಬೂ’ಗೆ ಕನ್ನಡದಲ್ಲಿ ಏನು?

ಮಾಟುಂಗಾದಿಂದ:
ರಂಗಭೂಮಿ ಮತ್ತು ಸಂಗೀತದಲ್ಲಿ ಟ್ಯಾಬೂ ವಿಷಯಗಳ ಬಗ್ಗೆ ಗೋಷ್ಠಿ ಇದೆ. ಬ್ಯಾನರು ನಾಳೆ ಅಚ್ಚಿಗೆ ಹೋಗಬೇಕು. ಮರಾಠಿ ಸಾಲಿಗೆ ‘ನಿಷಿದ್ಧ’ ಎಂದು ನಿಗದಿಯಾಗಿದೆ. ಕನ್ನಡಕ್ಕೆ ನಿಷೇಧಿತ, ವರ್ಜ್ಯ, ಅಶ್ಲೀಲ ಎಂದು ಸಲಹೆ ಬಂದಿವೆ. ಯಾವುದು ಹಾಕೋಣ?

ಪುಣೆಯಿಂದ:
ಮೂರೂ ಬೇಡ, ಕನ್ನಡಕ್ಕೂ ‘ನಿಷಿದ್ಧ’ವೇ ಇರಲಿ. ನಿಷೇಧಿತ ಎಂದರೆ ಸರ್ಕಾರ ತಡೆದದ್ದು. 1972ರಲ್ಲಿ ಮರಾಠಿ ನಾಟಕಕಾರ ವಿಜಯ ತೆಂಡೂಲ್ಕರರ ‘ಸಖಾರಾಮ್ ಬೈಂಡರ್’ ನಾಟಕದ ಮೇಲೆ ಬಿದ್ದದ್ದು ನಿಷೇಧ. ಮುಂಬಯಿ ಹೈಕೋರ್ಟಿನಲ್ಲಿ ಅದು ನಿಲ್ಲಲಿಲ್ಲ. ಆದರೆ ಆ ನಾಟಕದಲ್ಲಿ ಬರುವ, ಗಂಡ ಬಿಟ್ಟವಳನ್ನು ಮದುವೆಯಿಲ್ಲದೆ ಮನೆಯಲ್ಲಿಟ್ಟುಕೊಳ್ಳುವ ಮಾತು ಆ ತೀರ್ಪಿನಿಂದ ಮರ್ಯಾದಸ್ಥರ ಮನೆಯ ಮಾತಾಗಲಿಲ್ಲ. ಅದು ನಿಷಿದ್ಧ, ಸಮಾಜ ತಡೆದದ್ದು. ಅವರದೇ ‘ಗಿಧಾಡೆ’ ನಾಟಕದಲ್ಲಿ ಗರ್ಭಪಾತ ಸೂಚಿಸುವ, ಸೀರೆಯ ಮೇಲಿನ ಕೆಂಪು ಕಲೆಗೆ ಸೆನ್ಸಾರಿನವರು ಅಡ್ಡಿಮಾಡಿದರು. ಕಲೆ ನೀಲಿಯಾಯಿತು, ಅದನ್ನು ಕೆಂಪೆಂದೇ ತಿಳಿಯಿರಿ ಎಂದು ಪ್ರೇಕ್ಷಕರಿಗೆ ಹೇಳಿದರು. ಅಲ್ಲಿ ಕೆಂಪು ಬಣ್ಣ ನಿಷೇಧಿತ, ಗರ್ಭಪಾತ ನಿಷಿದ್ಧ.

ವರ್ಜ್ಯ ಹಾಕಿದರಂತೂ ಸಂಗೀತದವರು ಪೂರ್ತಿ ದಾರಿ ತಪ್ಪುತ್ತಾರೆ. ಅವರಿಗೆ ವರ್ಜ್ಯ ಎಂದರೆ ರಾಗದಲ್ಲಿ ಬಿಡುವ ಸ್ವರ: ಭೂಪ ರಾಗದಲ್ಲಿ ಮಧ್ಯಮ, ನಿಷಾದ ವರ್ಜ್ಯ. ಮಾಲಕಂಸದಲ್ಲಿ ರಿಷಭ, ಪಂಚಮ. ಪಂಚಾಂಗ ನೋಡುವವರಿಗೆ ಅದು ಕೆಟ್ಟ ಕಾಲ. ಅಶ್ಲೀಲ ಎನ್ನುವುದು ಗೋಷ್ಠಿಗೆ ಮೊದಲೇ ಕೊಟ್ಟ ತೀರ್ಪು.

ಮಡಗಾಂವಿನಿಂದ:
ನಿಷಿದ್ಧವೂ ಸಂಸ್ಕೃತದ ಸಾಲವೇ. ‘ಆಡಬಾರದ್ದು’ ಅನ್ನಿ. ಮಾತೂ ಆಡುತ್ತೇವೆ, ನಾಟಕವೂ ಆಡುತ್ತೇವೆ; ಒಂದೇ ಧಾತು ಎರಡನ್ನೂ ಹೊರುತ್ತದೆ. ಟ್ಯಾಬೂ ಕೂಡ ನಮ್ಮ ‘ತಪ್ಪು’ವಿನಿಂದಲೇ ಹೋಗಿರಬೇಕು.

ಪುಣೆಯಿಂದ:
ಹೋಗಿಲ್ಲ. ಅದು ಟೋಂಗಾ ದ್ವೀಪದವರ ಪದ, 1777ರಲ್ಲಿ ಕ್ಯಾಪ್ಟನ್ ಕುಕ್ ಬರೆದುಕೊಂಡದ್ದು. ಉಚ್ಚಾರ ಹೋಲಿದ ಮಾತ್ರಕ್ಕೆ ವ್ಯುತ್ಪತ್ತಿ ಆಗುವುದಿಲ್ಲ. ‘ಆಡಬಾರದ್ದು’ ಚೆನ್ನಾಗಿದೆ, ಆದರೆ ಸಂಗೀತ ಹೊರಗುಳಿಯುತ್ತದೆ.

ಮಡಗಾಂವಿನಿಂದ:
‘ಆಡಬಾರದ್ದು, ಹಾಡಬಾರದ್ದು’ ಎನ್ನಿ. ಪ್ರಾಸವೂ ಕೂಡಿತು. ಮರಾಠಿಯವರು ಇಟ್ಟ ಪದವನ್ನೇ ಲಿಪಿ ಬದಲಿಸಿ ಬರೆಯುವುದಾದರೆ ಕನ್ನಡದ ಸಾಲು ಯಾಕೆ ಬೇಕು?

ಡೊಂಬಿವಲಿಯಿಂದ:
ರಂಗಭೂಮಿ, ಸಂಗೀತ, ವಿಷಯ ಮೂರೂ ಸಂಸ್ಕೃತ. ಇವಕ್ಕಿಲ್ಲದ ಮಡಿ ನಾಲ್ಕನೆಯ ಪದಕ್ಕೆ ಮಾತ್ರ ಯಾಕೆ? ಮರಾಠಿ ನಾಟಕದವರು ಕನ್ನಡದಿಂದ ಪಡೆದದ್ದೂ ಕಡಿಮೆಯಿಲ್ಲ. ಸಾಂಗಲಿಯಲ್ಲಿ 1843ರಲ್ಲಿ ವಿಷ್ಣುದಾಸ ಭಾವೆ ಮರಾಠಿ ನಾಟಕ ಕಟ್ಟಿದ್ದು ಕರ್ನಾಟಕದ ಭಾಗವತ ಮೇಳದ ಆಟ ನೋಡಿದ ಮೇಲೆ. ಕೊಡು-ಕೊಳ್ಳುವಿಕೆ ಹೊಸದಲ್ಲ.

ಮಡಗಾಂವಿನಿಂದ:
ಅವರು ಪಡೆದದ್ದು ಆಟವನ್ನು, ಪದವನ್ನಲ್ಲ.

ಪುಣೆಯಿಂದ:
ಈ ಜಗಳ ಬೇರೆ ಇಡಿ, ನಾಳೆ ಅಚ್ಚಿದೆ. ದೊಡ್ಡಕ್ಷರದಲ್ಲಿ ‘ಆಡಬಾರದ್ದು, ಹಾಡಬಾರದ್ದು’, ಕೆಳಗೆ ಸಣ್ಣದಾಗಿ ‘ರಂಗಭೂಮಿ ಮತ್ತು ಸಂಗೀತದಲ್ಲಿ ನಿಷಿದ್ಧ ವಿಷಯಗಳು’. ‘ನಿಷಿದ್ಧ’ದಲ್ಲಿ ದಕಾರಕ್ಕೆ ಧಕಾರದ ಒತ್ತು, ದಕಾರದ್ದಲ್ಲ. ಮುಂಬಯಿಯ ಪ್ರೆಸ್ಸಿನಲ್ಲಿ ಕನ್ನಡ ಫಾಂಟ್ ಇಲ್ಲದಿದ್ದರೆ ಒತ್ತಕ್ಷರ ಬಿಚ್ಚಿಹೋಗುತ್ತದೆ. ಅಕ್ಷರಗಳನ್ನು ಔಟ್‌ಲೈನ್ ಮಾಡಿದ, ಅಂದರೆ ಚಿತ್ರರೂಪಕ್ಕೆ ತಿರುಗಿಸಿದ, ಪಿಡಿಎಫ್ ಕಳಿಸಿ, ಪ್ರೂಫ್ ತರಿಸಿಕೊಂಡೇ ಒಪ್ಪಿಗೆ ಕೊಡಿ.