ಅಪ್‌ಡೇಟ್: ಕತ್ತಲಲ್ಲಿ ಕಂಪ್ಯೂಟರ್ ನೋಡಿದರೆ ಕಣ್ಣು ಹಾಳಾಗುತ್ತದೆಯೇ?

ರಾತ್ರಿ ದೀಪ ಆರಿಸಿ ಕಂಪ್ಯೂಟರ್‌ನಲ್ಲಿ ಕೆಲಸ ಮಾಡಿದರೆ ದೃಷ್ಟಿ ಕೆಡುತ್ತದೆಯೇ, ಕಣ್ಣು ಉರಿದು ಅಕ್ಷರ ಮಸುಕಾಗುವುದೇಕೆ ಎಂದು ಎರಡು ವಾರದ ಹಿಂದೆ ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಧನ್ಯವಾದ.

ಕಣ್ಣಿನ ವೈದ್ಯರಿಗೆ ತೋರಿಸಿ ಬಂದೆ. ಕಣ್ಣು ದಣಿಯುತ್ತದೆ, ಒಣಗುತ್ತದೆ, ಆದರೆ ಶಾಶ್ವತ ಹಾನಿಯಾಗುವುದಿಲ್ಲ ಎಂದರು. ಎದೆಯ ಭಾರ ಇಳಿಯಿತು. ನಿಮಿಷಕ್ಕೆ ಸುಮಾರು 15 ಸಲ ರೆಪ್ಪೆ ಬಡಿಯುವ ನಾವು ಪರದೆಯ ಮುಂದೆ ಅದಕ್ಕಿಂತ ತೀರಾ ಕಡಿಮೆ ಬಡಿಯುತ್ತೇವೆ. ಉರಿಯ ಮೂಲ ಅಲ್ಲೇ ಇತ್ತು.

ನಿಜವಾಗಿ ಕೆಲಸಕ್ಕೆ ಬಂದದ್ದು ಪರದೆಯ ಹಿಂದೆ ಸಣ್ಣ ದೀಪ ಇಡಿ ಎಂಬ ಸಲಹೆ. ದೀಪವನ್ನು ಗೋಡೆಯ ಕಡೆ ತಿರುಗಿಸಿಟ್ಟೆ. ಪಕ್ಕದಲ್ಲೊಂದು ಬಿಳಿ ಕಾಗದ ಹಿಡಿದು, ಪರದೆಯ ಪುಟ ಅದರಷ್ಟೇ ಬೆಳ್ಳಗೆ ಕಾಣುವವರೆಗೆ ಬೆಳಕು ಇಳಿಸಿದೆ. ಮೂರನೆಯ ರಾತ್ರಿಗೇ ವ್ಯತ್ಯಾಸ ತಿಳಿಯಿತು. 20 ನಿಮಿಷಕ್ಕೊಮ್ಮೆ 20 ಅಡಿ ದೂರಕ್ಕೆ 20 ಸೆಕೆಂಡ್ ನೋಡುವುದೂ ಹಿತವೇ, ಅಲಾರಂ ಇಡದಿದ್ದರೆ ಮಾತ್ರ ಮರೆತೇಹೋಗುತ್ತದೆ. ನೀಲಿ ಬೆಳಕು ತಡೆಯುವ ಕನ್ನಡಕದಿಂದ ನನಗೇನೂ ಪ್ರಯೋಜನವಾಗಲಿಲ್ಲ. ಅದಕ್ಕೆ ಹಣ ಹಾಕಬೇಡಿ ಎಂದೇ ಹೇಳುತ್ತೇನೆ.

ನಾನು ಊಹಿಸಿರದ ಸಂಗತಿಯೊಂದಿದೆ. ಡಾರ್ಕ್ ಮೋಡ್ (ಕಪ್ಪು ಹಿನ್ನೆಲೆಯಲ್ಲಿ ಬಿಳಿ ಅಕ್ಷರ) ಹಾಕಿ ಎಂದು ಹಲವರು ಹೇಳಿದ್ದಿರಿ. ಹಾಕಿದರೆ ಬಿಳಿ ಅಕ್ಷರಗಳ ಅಂಚು ಮಂಜು ಹಿಡಿದಂತೆ ಕದಡಿ, ‘ಥ’ ಯಾವುದು ‘ಧ’ ಯಾವುದು ತಿಳಿಯುತ್ತಿರಲಿಲ್ಲ. ಪರೀಕ್ಷೆಯಲ್ಲಿ ಅಸ್ಟಿಗ್ಮ್ಯಾಟಿಸಂ, ಅಂದರೆ ಕಣ್ಣಿನ ಬಾಗು ಎಲ್ಲ ಕಡೆ ಒಂದೇ ಸಮನಾಗಿರದೆ ನೋಟ ಮಸುಕಾಗುವ ದೋಷ, ಇರುವುದು ಗೊತ್ತಾಯಿತು. ಕತ್ತಲಲ್ಲಿ ಕಣ್ಣಿನ ಪಾಪೆ ಹಿಗ್ಗುವುದರಿಂದ ಈ ದೋಷ ಇನ್ನಷ್ಟು ಎದ್ದು ಕಾಣುತ್ತದೆ. ನಿಮಗೂ ಹಾಗೆ ಕಂಡರೆ ದಯವಿಟ್ಟು ತಡಮಾಡದೆ ಪರೀಕ್ಷೆ ಮಾಡಿಸಿ. ನನ್ನ ಹೊಸ ಕನ್ನಡಕ ಮುಂದಿನ ವಾರ ಬರುತ್ತದೆ.