ಅಪ್‌ಡೇಟ್: ಮಲ್ಪೆಯ ಬೀಚ್ ಫುಟ್ಬಾಲ್ ಮುಗಿಯಿತು

ಹೈಸ್ಕೂಲ್ ಮಕ್ಕಳಿಗೆ ಮಲ್ಪೆ ಬೀಚಿನಲ್ಲಿ ಫುಟ್ಬಾಲ್ ಟೂರ್ನಿ ಮಾಡುವುದು ಹೇಗೆ ಎಂದು ಹೋದ ತಿಂಗಳು ಇಲ್ಲಿ ನಿಮ್ಮನ್ನೆಲ್ಲ ಕೇಳಿದ್ದೆ. ಮೊನ್ನೆ ಭಾನುವಾರ ಮುಗಿಯಿತು. ಬೀಚ್ ಫುಟ್ಬಾಲ್ ನಿಯಮದ ಪ್ರಕಾರ ತಂಡಕ್ಕೆ ಐವರು, ಬರಿಗಾಲು, ಎಷ್ಟು ಸಲ ಬೇಕಾದರೂ ಆಟಗಾರರನ್ನು ಬದಲಿಸಬಹುದು. ಇದನ್ನೆಲ್ಲ ಹಾಗೇ ಇಟ್ಟುಕೊಂಡೆವು. ಆದರೆ ನಿಯಮದಲ್ಲಿರುವ 12 ನಿಮಿಷದ ಮೂರು ಅವಧಿ ಮಕ್ಕಳಿಗೆ ಜಾಸ್ತಿ ಆಯಿತು. ಮೊದಲ ಪಂದ್ಯದಲ್ಲೇ ಏದುಸಿರು! 8 ನಿಮಿಷಕ್ಕೆ ಇಳಿಸಿದೆವು.

ಉಬ್ಬರದ ಹೊತ್ತು ನೋಡಿಕೊಳ್ಳಿ ಎಂದು ನೀವು ಹೇಳಿದ್ದಿರಿ ಅಲ್ವಾ? ನಾನು ಸುಮ್ನೆ ತಲೆಯಾಡಿಸಿದ್ದೆ. ಹತ್ತೂವರೆಗೆ ನೀರು ಏರಿ ಒಂದು ಬದಿಯ ಗಡಿ ಹಗ್ಗವನ್ನೇ ಎಳೆದುಕೊಂಡು ಹೋಯಿತು. ಗೋಲು ಕಂಬ ಹೊತ್ತು ಎಲ್ಲರೂ ಮೇಲಕ್ಕೆ ಓಡಿದೆವು. ಹುಡುಗರಿಗೆ ಫೈನಲ್‌ಗಿಂತ ಅದೇ ಮಜಾ. ಬೆಳಿಗ್ಗೆ ಹೊಯ್ಗೆಯಲ್ಲಿ ಗಾಜು, ಚಿಪ್ಪು ಹೆಕ್ಕಿದ್ದು ಒಳ್ಳೆಯದಾಯಿತು. ಯಾರ ಕಾಲಿಗೂ ಗಾಯವಾಗಲಿಲ್ಲ.