ಪೋರ್ಟೊದಿಂದ ಬ್ರಾಗಾ, ಗಿಮರಾಯ್ಸ್: ಅಮ್ಮನ ಮಂಡಿ ನೋವಿಗೆ ಗೈಡೆಡ್ ಟೂರ್ ಸರಿ ಹೋಗುತ್ತಾ? ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ನಾನು, ಅಮ್ಮ ಈಗ ಪೋರ್ಚುಗಲ್‌ನ ಪೋರ್ಟೊದಲ್ಲಿದ್ದೇವೆ. ನಾಡಿದ್ದು ಒಂದೇ ದಿನದಲ್ಲಿ ಹತ್ತಿರದ ಬ್ರಾಗಾ, ಗಿಮರಾಯ್ಸ್ ಎರಡೂ ಊರು ತೋರಿಸುವ ವ್ಯಾನ್ ಟೂರ್ ಬುಕ್ ಮಾಡೋಣ ಅಂತಿದ್ದೆ. ಆದರೆ ನಿನ್ನೆ ನದಿ ದಂಡೆಯಿಂದ ಮೇಲೆ ಹತ್ತುವಾಗ ಅಮ್ಮ ಅರ್ಧ ದಾರಿಯಲ್ಲೇ ಒಂದು ಅಂಗಡಿಯ ಮೆಟ್ಟಿಲ ಮೇಲೆ ಮಂಡಿ ಹಿಡಿದುಕೊಂಡು ಕೂತುಬಿಟ್ಟರು. ಅವಾಗಿನಿಂದ ನನಗೆ ಭಯ.

ಬ್ರಾಗಾದ ಬಾಮ್ ಜೀಸಸ್ ಚರ್ಚಿರುವ ಗುಡ್ಡ (ನಮ್ಮ ಗೋವಾದ ಚರ್ಚಿಗೂ ಇದೇ ಹೆಸರು, ಅಮ್ಮನಿಗೆ ಅದಕ್ಕೇ ಜಾಸ್ತಿ ಆಸೆ) ಐನೂರಕ್ಕೂ ಹೆಚ್ಚು ಮೆಟ್ಟಿಲಿನದು. 1882ರಿಂದ ನೀರಿನ ಭಾರದಲ್ಲೇ ಗುಡ್ಡ ಹತ್ತಿ ಇಳಿಯುವ ಪುಟ್ಟ ರೈಲು ಪಕ್ಕದಲ್ಲಿದೆ, ಅದು ಗೊತ್ತು. ಟೂರ್‌ನವರಿಗೆ ಎರಡು ಸಲ ಬರೆದು ಕೇಳಿದೆ. "ಸಾಧಾರಣ ನಡಿಗೆ ಇರುತ್ತೆ" ಅಂತಷ್ಟೇ ಉತ್ತರ. ವ್ಯಾನ್ ಗುಡ್ಡದ ಮೇಲೇ ಬಿಡುತ್ತಾ, ಆಮೇಲೆ ಮೆಟ್ಟಿಲು ಇಳಿಸಿಕೊಂಡು ಬರ್ತಾರಾ, ಅದನ್ನೇ ಹೇಳಲಿಲ್ಲ. ಗಿಮರಾಯ್ಸ್‌ನಲ್ಲೂ ಕೋಟೆಯಿಂದ ಹಳೇ ಪೇಟೆವರೆಗೆ ಕಲ್ಲು ಹಾಸಿದ ಬೀದಿ.

ನಾವೇ ರೈಲಿನಲ್ಲಿ ಹೋಗೋಣ ಅಂದರೆ ಪೋರ್ಟೊದಿಂದ ಎರಡೂ ಊರಿಗೆ ಸುಮಾರು ಒಂದು ಗಂಟೆ ಚಿಲ್ಲರೆ, ಆದರೆ ಆ ಎರಡು ಊರಿನ ನಡುವೆ ನೇರ ರೈಲಿಲ್ಲ, ಬಸ್ ಹಿಡಿಯಬೇಕು.

ಹಿರಿಯರನ್ನು ಕರ್ಕೊಂಡು ಈ ಟೂರ್ ಮಾಡಿದವರು ದಯವಿಟ್ಟು ಹೇಳಿ: ಬಾಮ್ ಜೀಸಸ್‌ನಲ್ಲಿ ಮೆಟ್ಟಿಲು ಇಳಿಯದೆ ವ್ಯಾನಿನಲ್ಲೇ ವಾಪಸ್ ಬರಲು ಬಿಡ್ತಾರಾ? ಇಲ್ಲಾಂದ್ರೆ ಟೂರ್ ಬಿಟ್ಟು, ರೈಲಿನಲ್ಲಿ ಬ್ರಾಗಾ ಒಂದನ್ನೇ ನೋಡೋದು ವಾಸಿನಾ?